ಅಂತರ್ಜಾಲದ ಛಾಯಾಚಿತ್ರಗಳ ಬಳಕೆ: ಕೃತಿಸ್ವಾಮ್ಯ ಮತ್ತು ಮುಕ್ತ ಪರವಾನಗಿ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಶಾಲೆಯ ವಾರ್ಷಿಕ ಸಂಚಿಕೆ, ಸಹಕಾರ ಸಂಘದ ಕರಪತ್ರ, ಸ್ವಸಹಾಯ ಗುಂಪಿನ ಉತ್ಪನ್ನಗಳ ಪಟ್ಟಿ, ಹೋಂಸ್ಟೇ ನಡೆಸುವವರ ಜಾಲತಾಣ, ಊರಿನ ಜಾತ್ರೆಯ ಆಹ್ವಾನ ಪತ್ರಿಕೆ ಮುಂತಾದವುಗಳಿಗೆ ಛಾಯಾಚಿತ್ರಗಳನ್ನು ಅಂತರ್ಜಾಲದಿಂದ ಪಡೆಯುವುದು ಇಂದು ವಾಡಿಕೆಯಾಗಿದೆ. ಹುಡುಕಿದೊಡನೆ ಸಾವಿರಾರು ಚಿತ್ರಗಳು ದೊರೆಯುತ್ತವೆ. ನಕಲು ಮಾಡಿಕೊಳ್ಳಲು ತಾಂತ್ರಿಕವಾಗಿ ಯಾವ ಅಡೆತಡೆಯೂ ಇರುವುದಿಲ್ಲ. ಆದರೆ ನಕಲು ಮಾಡಲು ಸಾಧ್ಯವಿರುವುದು ಬೇರೆ, ನಕಲು ಮಾಡಲು ಅನುಮತಿ ಇರುವುದು ಬೇರೆ. ಈ ವ್ಯತ್ಯಾಸವನ್ನು ಅರಿಯದೆ ಚಿತ್ರ ಬಳಸಿದವರು ವರ್ಷಗಳ ನಂತರವೂ ಪರಿಹಾರ ಕೋರುವ ನೋಟೀಸನ್ನು ಎದುರಿಸಬೇಕಾಗಬಹುದು. ಛಾಯಾಗ್ರಹಣವನ್ನೇ ಜೀವನೋಪಾಯವಾಗಿ ನಂಬಿದವರು ತಮ್ಮ ಶ್ರಮದ ಪ್ರತಿಫಲದಿಂದ ವಂಚಿತರಾಗುತ್ತಾರೆ.

ಯಾವುದೇ ಛಾಯಾಚಿತ್ರವನ್ನು ಬಳಸುವ ಮುನ್ನ ಕೆಳಕಂಡ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಅವಶ್ಯಕ.

(ಅ) ಈ ಚಿತ್ರದ ಕೃತಿಸ್ವಾಮ್ಯ ಯಾರದು?
(ಆ) ಬಳಸಲು ಅನುಮತಿ ಇದೆಯೇ? ಇದ್ದಲ್ಲಿ ಅದರ ಷರತ್ತುಗಳೇನು?
(ಇ) ಆ ಅನುಮತಿಗೆ ಬಳಕೆದಾರರ ಬಳಿ ದಾಖಲೆ ಇದೆಯೇ?

ಈ ಮೂರು ಪ್ರಶ್ನೆಗಳಿಗೆ ಸಂಬಂಧಿಸಿದ ಕಾನೂನಿನ ಉಪಬಂಧಗಳನ್ನೂ ಅನುಸರಿಸಬೇಕಾದ ಕ್ರಮವನ್ನೂ ಮುಂದೆ ವಿವರಿಸಲಾಗಿದೆ.

2. ಛಾಯಾಚಿತ್ರಕ್ಕೆ ಕೃತಿಸ್ವಾಮ್ಯ ದೊರೆಯುವ ಬಗೆ

ಭಾರತದಲ್ಲಿ ಈ ವಿಷಯವನ್ನು ಕೃತಿಸ್ವಾಮ್ಯ ಅಧಿನಿಯಮ, 1957 ನಿಯಂತ್ರಿಸುತ್ತದೆ. ಸದರಿ ಅಧಿನಿಯಮವು 21 ಜನವರಿ 1958ರಿಂದ ಜಾರಿಯಲ್ಲಿದ್ದು, ಹಲವು ಬಾರಿ ತಿದ್ದುಪಡಿಗೊಂಡಿದೆ. 2012ರ ತಿದ್ದುಪಡಿಯು ಛಾಯಾಚಿತ್ರಗಳ ಮಟ್ಟಿಗೆ ಮಹತ್ವದ್ದಾಗಿದೆ.

ಕಲಂ 2(ಸಿ) ಪ್ರಕಾರ ಛಾಯಾಚಿತ್ರವು ಕಲಾಕೃತಿ ಎನಿಸುತ್ತದೆ. ಅದರಲ್ಲಿ ಕಲಾತ್ಮಕ ಗುಣ ಇರಲಿ, ಇಲ್ಲದಿರಲಿ, ರಕ್ಷಣೆ ದೊರೆಯುತ್ತದೆ. ಮೊಬೈಲ್ ದೂರವಾಣಿಯಲ್ಲಿ ತೆಗೆದ ಚಿತ್ರಕ್ಕೂ ಸ್ಟುಡಿಯೋದಲ್ಲಿ ತೆಗೆದ ಚಿತ್ರಕ್ಕೂ ಈ ವಿಷಯದಲ್ಲಿ ಭೇದವಿಲ್ಲ. ಚಿತ್ರ ತೆಗೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಚಿತ್ರದ ಮೇಲೆ ಹೆಸರಾಗಲಿ, ಕೃತಿಸ್ವಾಮ್ಯದ ಚಿಹ್ನೆಯಾಗಲಿ ಇಲ್ಲವೆಂಬ ಕಾರಣಕ್ಕೆ ಅದು ಯಾರ ಸ್ವತ್ತೂ ಅಲ್ಲವೆಂದು ಭಾವಿಸತಕ್ಕದ್ದಲ್ಲ.

ಚಿತ್ರವನ್ನು ನಕಲು ಮಾಡುವುದು, ವಿದ್ಯುನ್ಮಾನ ಮಾಧ್ಯಮದಲ್ಲಿ ಸಂಗ್ರಹಿಸುವುದು, ಸಾರ್ವಜನಿಕರಿಗೆ ತಲುಪಿಸುವುದು, ಮಾರ್ಪಡಿಸುವುದು – ಈ ಹಕ್ಕುಗಳು ಕಲಂ 14ರಂತೆ ಕೃತಿಸ್ವಾಮ್ಯದ ಮಾಲೀಕರಿಗೆ ಮಾತ್ರ ಸೇರಿವೆ. ಆದ್ದರಿಂದ ಒಂದು ಜಾಲತಾಣದಲ್ಲಿ ಕಂಡ ಚಿತ್ರವನ್ನು ಇಳಿಸಿಕೊಂಡು ಮತ್ತೊಂದು ಜಾಲತಾಣಕ್ಕೆ ಏರಿಸುವುದು ಅನುಮತಿ ಬೇಡುವ ಕ್ರಿಯೆಯೇ ಆಗಿದೆ.

ಚಿತ್ರ ವಿದೇಶದ್ದಾಗಿದ್ದರೂ ಸ್ಥಿತಿ ಬದಲಾಗುವುದಿಲ್ಲ. ಭಾರತವು 1928ರಿಂದ ಬರ್ನ್ ಒಪ್ಪಂದದ ಸದಸ್ಯ ರಾಷ್ಟ್ರವಾಗಿದ್ದು, ಇತರ ಸದಸ್ಯ ರಾಷ್ಟ್ರಗಳ ಕೃತಿಗಳಿಗೂ ಇಲ್ಲಿ ರಕ್ಷಣೆ ದೊರೆಯುತ್ತದೆ.

3. ಕೃತಿಸ್ವಾಮ್ಯದ ಮಾಲೀಕರು ಯಾರು

ಸಾಮಾನ್ಯವಾಗಿ ಚಿತ್ರ ತೆಗೆದವರೇ ಅದರ ಕರ್ತೃ ಹಾಗೂ ಪ್ರಥಮ ಮಾಲೀಕರು. ಆದರೆ ಕಲಂ 17ರಲ್ಲಿ ಈ ಕೆಳಕಂಡ ವಿನಾಯಿತಿಗಳಿವೆ.

(ಅ) ಹಣ ನೀಡಿ ತೆಗೆಸಿದ ಚಿತ್ರ: ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರಕ್ಕೆ, ವಿರುದ್ಧವಾದ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರೇ ಪ್ರಥಮ ಮಾಲೀಕರು. ಮದುವೆಯ ಚಿತ್ರಗಳು ಇದಕ್ಕೆ ಉತ್ತಮ ನಿದರ್ಶನ. ಅಂತಹ ಚಿತ್ರಗಳನ್ನು ಸ್ಟುಡಿಯೋದವರು ತಮ್ಮ ಪ್ರಚಾರಕ್ಕೆ ಬಳಸಬೇಕಾದಲ್ಲಿ ತೆಗೆಸಿದವರ ಒಪ್ಪಿಗೆ ಪಡೆಯಬೇಕು, ಇಲ್ಲವೇ ಮೊದಲೇ ಕರಾರಿನಲ್ಲಿ ನಮೂದಿಸಿಕೊಳ್ಳಬೇಕು.

(ಆ) ಪತ್ರಿಕೆಯ ನೌಕರರು ತೆಗೆದ ಚಿತ್ರ: ಪತ್ರಿಕೆ ಅಥವಾ ನಿಯತಕಾಲಿಕದಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಪತ್ರಿಕೆಯ ಮಾಲೀಕರದು, ಇತರ ವಿಷಯಗಳಲ್ಲಿ ಛಾಯಾಗ್ರಾಹಕರದು. ಇದಕ್ಕೆ ವಿರುದ್ಧವಾದ ಕರಾರು ಇದ್ದಲ್ಲಿ ಕರಾರು ಅನ್ವಯಿಸುತ್ತದೆ.

(ಇ) ಇತರ ಸಂಸ್ಥೆಗಳ ನೌಕರರು ಕರ್ತವ್ಯದ ಭಾಗವಾಗಿ ತೆಗೆದ ಚಿತ್ರ: ಬೇರೆ ಕರಾರು ಇಲ್ಲದಿದ್ದಲ್ಲಿ ಹಕ್ಕು ಉದ್ಯೋಗದಾತರದು.

(ಈ) ಸರ್ಕಾರಿ ಕೃತಿ: ಬೇರೆ ಕರಾರು ಇಲ್ಲದಿದ್ದಲ್ಲಿ ಹಕ್ಕು ಸರ್ಕಾರದ್ದು.

ಚಿತ್ರದ ಮುದ್ರಿತ ಪ್ರತಿ ಅಥವಾ ಕಡತ ಕೈಯಲ್ಲಿರುವುದು ಮಾಲೀಕತ್ವಕ್ಕೆ ಆಧಾರವಲ್ಲ. ವಾಟ್ಸ್‌ಆ್ಯಪ್ ಮೂಲಕ ಬಂದ ಚಿತ್ರವನ್ನು ಕಳುಹಿಸಿದವರು ಅದರ ಮಾಲೀಕರೇ ಆಗಿರಬೇಕೆಂದಿಲ್ಲ.

4. ಹಕ್ಕಿನ ಅವಧಿ

2012ರ ತಿದ್ದುಪಡಿಗೆ ಮುನ್ನ ಛಾಯಾಚಿತ್ರದ ಕೃತಿಸ್ವಾಮ್ಯವು ಪ್ರಕಟಣೆಯ ನಂತರ 60 ವರ್ಷ ಇರುತ್ತಿತ್ತು. ತಿದ್ದುಪಡಿಯಿಂದ ಕಲಂ 25 ರದ್ದಾಗಿ, ಛಾಯಾಚಿತ್ರಕ್ಕೂ ಇತರ ಕಲಾಕೃತಿಗಳಂತೆ ಕರ್ತೃವಿನ ಜೀವಿತಾವಧಿ ಹಾಗೂ ಮರಣಾನಂತರ 60 ವರ್ಷಗಳ ರಕ್ಷಣೆ ಅನ್ವಯವಾಯಿತು. ಈ 60 ವರ್ಷಗಳನ್ನು ಮರಣದ ಮುಂದಿನ ಕ್ಯಾಲೆಂಡರ್ ವರ್ಷದ ಆರಂಭದಿಂದ ಎಣಿಸಬೇಕು.

ತಿದ್ದುಪಡಿ ಜಾರಿಗೆ ಬರುವ ಮುನ್ನವೇ ಅವಧಿ ಮುಗಿದಿದ್ದ ಚಿತ್ರಗಳ ಹಕ್ಕು ಮರಳಿ ಜೀವ ಪಡೆಯುವುದಿಲ್ಲ. ಆದ್ದರಿಂದ ಭಾರತದಲ್ಲಿ 1951 ಅಥವಾ ಅದಕ್ಕೂ ಹಿಂದೆ ಪ್ರಕಟವಾದ ಛಾಯಾಚಿತ್ರಗಳು ಇಲ್ಲಿ ಸಾರ್ವಜನಿಕ ಸ್ವತ್ತಾಗಿವೆ. ಚಿತ್ರ ಹಳೆಯದೆಂಬುದು ಮಾತ್ರ ಸಾಲದು. ಪ್ರಕಟವಾದ ವರ್ಷ ತಿಳಿದಿರಬೇಕು. ಸರ್ಕಾರಿ ಕೃತಿಗಳಿಗೆ ಪ್ರಕಟಣೆಯ ನಂತರ 60 ವರ್ಷಗಳ ಅವಧಿ ಇದೆ.

5. ಅನುಮತಿ ಇಲ್ಲದೆ ಬಳಸಬಹುದಾದ ಸಂದರ್ಭಗಳು

ಕಲಂ 52ರಲ್ಲಿ ಕೆಲವು ಬಳಕೆಗಳನ್ನು ಉಲ್ಲಂಘನೆಯಲ್ಲವೆಂದು ಹೇಳಲಾಗಿದೆ. ನಾಗರಿಕರಿಗೆ ಹೆಚ್ಚಾಗಿ ಉಪಯುಕ್ತವಾಗುವವು ಇಂತಿವೆ.

(ಅ) ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ವೈಯಕ್ತಿಕ ಬಳಕೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ – ಈ ಉದ್ದೇಶಗಳಿಗೆ ನ್ಯಾಯಯುತ ಬಳಕೆ. ಚಿತ್ರವೊಂದನ್ನು ಕುರಿತು ವಿಮರ್ಶೆ ಬರೆಯುವಾಗ ಅದನ್ನು ತೋರಿಸುವುದಕ್ಕೂ, ಲೇಖನದ ಅಂದ ಹೆಚ್ಚಿಸಲು ಅದನ್ನು ಬಳಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಈ ರಕ್ಷಣೆ ದೊರೆಯುವುದು ಕಷ್ಟ.

(ಆ) ಪಾಠದ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಮಾಡುವ ನಕಲು, ಪರೀಕ್ಷೆಯ ಪ್ರಶ್ನೆ ಮತ್ತು ಉತ್ತರಗಳಲ್ಲಿನ ಬಳಕೆ. ಶಾಲೆಯ ಪ್ರಚಾರ ಪತ್ರಿಕೆಯಲ್ಲಿ ಅಥವಾ ಎಲ್ಲರೂ ನೋಡಬಹುದಾದ ಜಾಲತಾಣದಲ್ಲಿ ಪ್ರಕಟಿಸುವುದನ್ನು ಪಾಠದ ಭಾಗವೆಂದು ಭಾವಿಸಲಾಗದು.

(ಇ) ಕಟ್ಟಡಗಳ ಹಾಗೂ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಸ್ಥಾಪಿಸಿದ ಶಿಲ್ಪಗಳ ಛಾಯಾಚಿತ್ರ ತೆಗೆಯುವುದು ಮತ್ತು ಪ್ರಕಟಿಸುವುದು. ಗೋಡೆಯ ಮೇಲಿನ ವರ್ಣಚಿತ್ರಗಳು ಈ ವಿನಾಯಿತಿಗೆ ಒಳಪಡುವುದಿಲ್ಲ.

ಕೊನೆಯ ಅಂಶದಲ್ಲಿ ಒಂದು ಗೊಂದಲ ಉಂಟಾಗುವುದುಂಟು. ಹಂಪಿಯ ಕಲ್ಲಿನ ರಥದ ಮೇಲೆ ಇಂದು ಯಾರಿಗೂ ಕೃತಿಸ್ವಾಮ್ಯವಿಲ್ಲ. ಯಾರು ಬೇಕಾದರೂ ಅದರ ಚಿತ್ರ ತೆಗೆದು ಪ್ರಕಟಿಸಲು ಕೃತಿಸ್ವಾಮ್ಯದ ಅಡ್ಡಿ ಇಲ್ಲ. ಆದರೆ ಬೇರೊಬ್ಬರು ತೆಗೆದ ಕಲ್ಲಿನ ರಥದ ಛಾಯಾಚಿತ್ರವು ಆ ಛಾಯಾಗ್ರಾಹಕರ ಸ್ವತ್ತು. ರಥ ಎಲ್ಲರದು, ಚಿತ್ರ ತೆಗೆದವರದು. ಸಾಧ್ಯವಿರುವೆಡೆ ಸ್ವತಃ ಚಿತ್ರ ತೆಗೆದು ಬಳಸುವುದೇ ಅತ್ಯಂತ ಸರಳ ಮಾರ್ಗ.

6. ಮುಕ್ತ ಪರವಾನಗಿ

ಕಲಂ 30ರಂತೆ ಕೃತಿಸ್ವಾಮ್ಯದ ಮಾಲೀಕರು ಲಿಖಿತ ಪರವಾನಗಿಯ ಮೂಲಕ ತಮ್ಮ ಹಕ್ಕಿನ ಭಾಗವನ್ನು ಇತರರಿಗೆ ನೀಡಬಹುದು. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಅನುಮತಿ ನೀಡುವ ಬದಲು, ಷರತ್ತುಗಳನ್ನು ಪಾಲಿಸುವ ಎಲ್ಲರಿಗೂ ಮುಂಚಿತವಾಗಿಯೇ ಅನುಮತಿ ನೀಡುವ ದಾಖಲೆಯೇ ಮುಕ್ತ ಪರವಾನಗಿ. ಇದಕ್ಕೆ ಶುಲ್ಕವಿರುವುದಿಲ್ಲ. ಇದರಲ್ಲಿ ಮಾಲೀಕರು ಹಕ್ಕನ್ನು ಬಿಟ್ಟುಕೊಡುವುದಿಲ್ಲ; ಷರತ್ತಿನ ಮೇಲೆ ಅನುಮತಿ ನೀಡುತ್ತಾರೆ. ಷರತ್ತು ಮುರಿದಲ್ಲಿ ಅನುಮತಿಯೂ ಇಲ್ಲವಾಗುತ್ತದೆ.

ಕ್ರಿಯೇಟಿವ್ ಕಾಮನ್ಸ್ ಎಂಬ ಲಾಭರಹಿತ ಸಂಸ್ಥೆಯು 2002ರಲ್ಲಿ ಪ್ರಥಮ ಬಾರಿಗೆ ಪ್ರಕಟಿಸಿದ ಪರವಾನಗಿಗಳು ಹೆಚ್ಚು ಬಳಕೆಯಲ್ಲಿವೆ. ಇವುಗಳ 4.0 ಆವೃತ್ತಿಯು 2013ರಲ್ಲಿ ಹೊರಬಂದಿತು. ಆರು ಬಗೆಯ ಪರವಾನಗಿಗಳ ವಿವರ ಹೀಗಿದೆ.

(1) ಸಿಸಿ ಬಿವೈ: ಕರ್ತೃವಿಗೆ ಮನ್ನಣೆ ನೀಡಿ ಯಾವುದೇ ಉದ್ದೇಶಕ್ಕೆ ಬಳಸಬಹುದು, ಮಾರ್ಪಡಿಸಬಹುದು.
(2) ಸಿಸಿ ಬಿವೈ-ಎಸ್‌ಎ: ಮೇಲಿನಂತೆಯೇ, ಆದರೆ ಮಾರ್ಪಡಿಸಿದ ಚಿತ್ರವನ್ನು ಹಂಚುವಾಗ ಅದೇ ಬಗೆಯ ಪರವಾನಗಿಯಡಿ ನೀಡಬೇಕು.
(3) ಸಿಸಿ ಬಿವೈ-ಎನ್‌ಸಿ: ವಾಣಿಜ್ಯೇತರ ಬಳಕೆಗೆ ಮಾತ್ರ.
(4) ಸಿಸಿ ಬಿವೈ-ಎನ್‌ಸಿ-ಎಸ್‌ಎ: ವಾಣಿಜ್ಯೇತರ ಬಳಕೆ, ಮಾರ್ಪಾಡಿಗೆ ಅದೇ ಪರವಾನಗಿ.
(5) ಸಿಸಿ ಬಿವೈ-ಎನ್‌ಡಿ: ಮಾರ್ಪಡಿಸಿದ ಚಿತ್ರವನ್ನು ಹಂಚುವಂತಿಲ್ಲ, ವಾಣಿಜ್ಯ ಬಳಕೆಗೆ ಅಡ್ಡಿಯಿಲ್ಲ.
(6) ಸಿಸಿ ಬಿವೈ-ಎನ್‌ಸಿ-ಎನ್‌ಡಿ: ವಾಣಿಜ್ಯೇತರ ಬಳಕೆ ಮಾತ್ರ, ಮಾರ್ಪಡಿಸಿ ಹಂಚುವಂತಿಲ್ಲ.

ಕರ್ತೃವಿಗೆ ಮನ್ನಣೆ ನೀಡುವುದು ಆರೂ ಪರವಾನಗಿಗಳಲ್ಲಿ ಕಡ್ಡಾಯ. ಇವುಗಳಲ್ಲದೆ 2009ರಿಂದ ಸಿಸಿ ಜೀರೋ ಎಂಬ ದಾಖಲೆಯೂ ಲಭ್ಯವಿದ್ದು, ಇದರ ಮೂಲಕ ಕರ್ತೃವು ಕಾನೂನು ಅವಕಾಶ ನೀಡುವಷ್ಟರ ಮಟ್ಟಿಗೆ ತನ್ನ ಎಲ್ಲ ಹಕ್ಕುಗಳನ್ನು ತ್ಯಜಿಸುತ್ತಾನೆ.

ಹೋಂಸ್ಟೇ, ಅಂಗಡಿ, ತರಬೇತಿ ಕೇಂದ್ರ ಮುಂತಾದವುಗಳ ಜಾಲತಾಣ ಹಾಗೂ ಕರಪತ್ರಗಳು ವ್ಯವಹಾರದ ಲಾಭಕ್ಕಾಗಿ ಇರುವುದರಿಂದ ಎನ್‌ಸಿ ಎಂಬ ಗುರುತಿರುವ ಚಿತ್ರಗಳನ್ನು ಅವುಗಳಲ್ಲಿ ಬಳಸಬಾರದು. ಎನ್‌ಡಿ ಗುರುತಿರುವ ಚಿತ್ರವನ್ನು ಕತ್ತರಿಸುವ ಅಥವಾ ಅದರ ಮೇಲೆ ಬರಹ ಸೇರಿಸುವ ಮುನ್ನ ಪ್ರತ್ಯೇಕ ಅನುಮತಿ ಪಡೆಯುವುದು ಕ್ಷೇಮ.

ವಿಕಿಮೀಡಿಯ ಕಾಮನ್ಸ್ ಜಾಲತಾಣವು 2004ರಿಂದ ಮುಕ್ತ ಪರವಾನಗಿಯ ಚಿತ್ರಗಳನ್ನು ಸಂಗ್ರಹಿಸುತ್ತಿದ್ದು, ಎನ್‌ಸಿ ಮತ್ತು ಎನ್‌ಡಿ ಮಾತ್ರ ಅನ್ವಯಿಸುವ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಕರ್ನಾಟಕದ ದೇವಾಲಯಗಳು, ಕೋಟೆಗಳು ಮತ್ತು ಜಲಪಾತಗಳ ಅನೇಕ ಚಿತ್ರಗಳು ಅಲ್ಲಿ ಲಭ್ಯ. ಮುಕ್ತ ಪರವಾನಗಿಯು ಛಾಯಾಚಿತ್ರಗಳಿಗೆ ಸೀಮಿತವಲ್ಲ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿರುವುದು ಇದಕ್ಕೆ ಉದಾಹರಣೆ.

ಉಚಿತ ಚಿತ್ರ ನೀಡುವ ಇತರ ಕೆಲವು ತಾಣಗಳು ತಮ್ಮದೇ ಷರತ್ತುಗಳನ್ನು ಹೊಂದಿವೆ. ಉಚಿತವೆಂದರೆ ಮುಕ್ತ ಪರವಾನಗಿ ಎಂದೇ ಅರ್ಥವಲ್ಲ. ಆಯಾ ತಾಣದ ಷರತ್ತುಗಳನ್ನು ಓದಿ ಮುಂದುವರಿಯಬೇಕು.

7. ಮನ್ನಣೆ ನಮೂದಿಸುವ ಕ್ರಮ

ಮುಕ್ತ ಪರವಾನಗಿಯ ಚಿತ್ರ ಬಳಸಿದವರಿಗೂ ನೋಟೀಸು ಬರಲು ಮನ್ನಣೆಯ ಲೋಪವು ಒಂದು ಪ್ರಮುಖ ಕಾರಣ. "ಕೃಪೆ: ಅಂತರ್ಜಾಲ" ಅಥವಾ "ಕೃಪೆ: ಗೂಗಲ್" ಎಂದು ಬರೆಯುವುದು ಮನ್ನಣೆಯಲ್ಲ. ಹುಡುಕು ಯಂತ್ರವು ಚಿತ್ರವಿರುವ ಸ್ಥಳವನ್ನು ತೋರಿಸುತ್ತದೆಯೇ ಹೊರತು ಚಿತ್ರದ ಮಾಲೀಕತ್ವ ಹೊಂದಿರುವುದಿಲ್ಲ. ಚಿತ್ರದ ಕೆಳಗೆ ಅಥವಾ ಸಮೀಪದಲ್ಲಿ ಈ ಅಂಶಗಳಿರಬೇಕು: ಚಿತ್ರದ ಶೀರ್ಷಿಕೆ, ಛಾಯಾಗ್ರಾಹಕರ ಹೆಸರು, ಮೂಲ ಪುಟದ ಕೊಂಡಿ, ಪರವಾನಗಿಯ ಹೆಸರು, ಆವೃತ್ತಿ ಮತ್ತು ಕೊಂಡಿ, ಮಾಡಿದ ಬದಲಾವಣೆ.

ಮಾದರಿ:
"ಹಂಪಿಯ ಕಲ್ಲಿನ ರಥ. ಛಾಯಾಚಿತ್ರ: (ಛಾಯಾಗ್ರಾಹಕರ ಹೆಸರು). ಮೂಲ: ವಿಕಿಮೀಡಿಯ ಕಾಮನ್ಸ್ (ಪುಟದ ವಿಳಾಸ). ಪರವಾನಗಿ: ಸಿಸಿ ಬಿವೈ-ಎಸ್‌ಎ 4.0 (ಪರವಾನಗಿಯ ವಿಳಾಸ). ಬದಲಾವಣೆ: ಬಲಭಾಗವನ್ನು ಕತ್ತರಿಸಲಾಗಿದೆ."

ಮುದ್ರಿತ ಸಂಚಿಕೆಯಲ್ಲಿ ಕೊಂಡಿಗಳ ಬದಲು ವಿಳಾಸವನ್ನು ಪೂರ್ಣವಾಗಿ ಮುದ್ರಿಸಬೇಕು. ಸ್ಥಳಾವಕಾಶವಿಲ್ಲದಿದ್ದಲ್ಲಿ ಸಂಚಿಕೆಯ ಕೊನೆಯಲ್ಲಿ ಪುಟಸಂಖ್ಯೆ ಸಹಿತ ಚಿತ್ರಗಳ ಪಟ್ಟಿ ನೀಡಬಹುದು.

ಪರವಾನಗಿಯ ಆವೃತ್ತಿಯ ಸಂಖ್ಯೆಗೂ ಮಹತ್ವವಿದೆ. 4.0 ಆವೃತ್ತಿಯಲ್ಲಿ, ಲೋಪ ಗಮನಕ್ಕೆ ಬಂದ 30 ದಿನಗಳೊಳಗೆ ಸರಿಪಡಿಸಿದಲ್ಲಿ ಅನುಮತಿಯು ತಾನಾಗಿಯೇ ಪುನಃ ಊರ್ಜಿತವಾಗುತ್ತದೆ. ಆದರೆ ಲೋಪವಿದ್ದ ಅವಧಿಗೆ ಪರಿಹಾರ ಕೋರುವ ಮಾಲೀಕರ ಹಕ್ಕು ಇದರಿಂದ ಹೋಗುವುದಿಲ್ಲ. 2.0 ಮತ್ತು 3.0ರಂತಹ ಹಿಂದಿನ ಆವೃತ್ತಿಗಳಲ್ಲಿ ಇಂತಹ 30 ದಿನಗಳ ಅವಕಾಶವಿಲ್ಲ. ಆದ್ದರಿಂದ ಹಳೆಯ ಆವೃತ್ತಿಯ ಚಿತ್ರ ಬಳಸುವವರು ಮನ್ನಣೆಯನ್ನು ಪ್ರಕಟಣೆಯ ದಿನವೇ ಸರಿಯಾಗಿ ನಮೂದಿಸಬೇಕು.

8. ಸರ್ಕಾರಿ ಜಾಲತಾಣಗಳ ಚಿತ್ರಗಳು

ಸರ್ಕಾರಿ ಜಾಲತಾಣದಲ್ಲಿರುವ ಚಿತ್ರಗಳೆಲ್ಲವೂ ಸಾರ್ವಜನಿಕ ಸ್ವತ್ತು ಎಂಬ ಭಾವನೆ ಸರಿಯಲ್ಲ. ಪ್ರತಿ ತಾಣದ ಕೃತಿಸ್ವಾಮ್ಯ ನೀತಿಯನ್ನು ನೋಡಬೇಕು. ಪೂರ್ವಾನುಮತಿ ಪಡೆದು, ನಿಖರವಾಗಿ, ದಾರಿತಪ್ಪಿಸದ ರೀತಿಯಲ್ಲಿ, ಮೂಲವನ್ನು ನಮೂದಿಸಿ ಬಳಸಬೇಕೆಂಬ ಷರತ್ತು ಹಲವು ತಾಣಗಳಲ್ಲಿದೆ. ಮೂರನೆಯವರ ಕೃತಿಸ್ವಾಮ್ಯವೆಂದು ಗುರುತಿಸಿದ ಚಿತ್ರಗಳಿಗೆ ಈ ಅನುಮತಿ ಅನ್ವಯಿಸುವುದಿಲ್ಲ.

2017ರಲ್ಲಿ ಭಾರತ ಸರ್ಕಾರವು ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿಯನ್ನು ಅಧಿಸೂಚಿಸಿದೆ. ಇದರಡಿ ಬಿಡುಗಡೆಯಾದ ಸಾಮಗ್ರಿಯನ್ನು ಮೂಲ ನಮೂದಿಸಿ ವಾಣಿಜ್ಯ ಉದ್ದೇಶಕ್ಕೂ ಬಳಸಬಹುದು. ವೈಯಕ್ತಿಕ ಮಾಹಿತಿ, ಲಾಂಛನಗಳು ಮತ್ತು ಅಧಿಕೃತ ಚಿಹ್ನೆಗಳು ಇದರಿಂದ ಹೊರತಾಗಿವೆ.

9. ಚಿತ್ರದಲ್ಲಿರುವ ವ್ಯಕ್ತಿಗಳ ಹಿತ

ಛಾಯಾಗ್ರಾಹಕರು ನೀಡುವ ಪರವಾನಗಿಯು ಕೃತಿಸ್ವಾಮ್ಯಕ್ಕೆ ಸಂಬಂಧಿಸಿದ್ದು. ಚಿತ್ರದಲ್ಲಿರುವ ವ್ಯಕ್ತಿಯ ಖಾಸಗಿತನವು ಪ್ರತ್ಯೇಕ ವಿಷಯ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪು ನೀಡಿದೆ. ಮುಕ್ತ ಪರವಾನಗಿಯಲ್ಲಿ ದೊರೆತ ರೈತ ಮಹಿಳೆಯ ಚಿತ್ರವನ್ನು ಸಾಲ ಯೋಜನೆಯ ಜಾಹೀರಾತಿಗೆ ಅಥವಾ ರೋಗವೊಂದರ ಕುರಿತ ಕರಪತ್ರಕ್ಕೆ ಬಳಸಿದಲ್ಲಿ, ಆಕೆಯೇ ಸಾಲಗಾರಳು ಅಥವಾ ರೋಗಿ ಎಂಬ ತಪ್ಪು ಅರ್ಥ ಬರಬಹುದು. ಗುರುತು ಹಿಡಿಯಬಹುದಾದ ವ್ಯಕ್ತಿಗಳ, ವಿಶೇಷವಾಗಿ ಮಕ್ಕಳ, ಚಿತ್ರಗಳನ್ನು ಅವರ ಅಥವಾ ಪೋಷಕರ ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಬಳಸಬಾರದು.

10. ಅನುಮತಿ ಮತ್ತು ದಾಖಲೆ

ಮುಕ್ತ ಪರವಾನಗಿ ಇಲ್ಲದ ಚಿತ್ರ ಬೇಕಾದಲ್ಲಿ ಮಾಲೀಕರಿಗೆ ಪತ್ರ ಅಥವಾ ಇ-ಅಂಚೆ ಮೂಲಕ ಬರೆಯಬೇಕು. ಪತ್ರದಲ್ಲಿ ಚಿತ್ರದ ವಿವರ, ಬಳಸುವ ಸ್ಥಳ, ಉದ್ದೇಶ, ಅವಧಿ, ಪ್ರತಿಗಳ ಸಂಖ್ಯೆ ಮತ್ತು ಮಾರ್ಪಾಡಿನ ಅಗತ್ಯವನ್ನು ನಮೂದಿಸಬೇಕು. ಪರವಾನಗಿಯಲ್ಲಿ ಅವಧಿ ನಮೂದಿಸದಿದ್ದಲ್ಲಿ ಐದು ವರ್ಷಗಳೆಂದೂ, ಪ್ರದೇಶ ನಮೂದಿಸದಿದ್ದಲ್ಲಿ ಭಾರತವೆಂದೂ ಕಾನೂನು ಭಾವಿಸುತ್ತದೆ. ಉತ್ತರ ಬಾರದಿರುವುದನ್ನು ಒಪ್ಪಿಗೆ ಎಂದು ಪರಿಗಣಿಸತಕ್ಕದ್ದಲ್ಲ.

ಮುಕ್ತ ಪರವಾನಗಿಯ ಚಿತ್ರವನ್ನು ಇಳಿಸಿಕೊಂಡ ದಿನವೇ ಮೂಲ ಪುಟದ ಪ್ರತಿಯನ್ನು ದಿನಾಂಕ ಸಹಿತ ಉಳಿಸಿಕೊಳ್ಳಬೇಕು. ಛಾಯಾಗ್ರಾಹಕರು ಮುಂದೆ ತಮ್ಮ ಪುಟದಲ್ಲಿ ಪರವಾನಗಿಯನ್ನು ಬದಲಿಸಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಹಿಂಪಡೆಯಲು ಬರುವುದಿಲ್ಲವಾದ್ದರಿಂದ ಷರತ್ತು ಪಾಲಿಸಿದ ಹಿಂದಿನ ಬಳಕೆದಾರರ ಅನುಮತಿ ಮುಂದುವರಿಯುತ್ತದೆ. ಆದರೆ ಅದನ್ನು ತೋರಿಸಲು ದಾಖಲೆ ಬೇಕು. ಚಿತ್ರವನ್ನು ಏರಿಸಿದವರೇ ಅದರ ಮಾಲೀಕರೇ ಎಂಬುದನ್ನೂ ಪರಿಶೀಲಿಸಬೇಕು. ಗೂಗಲ್ ಚಿತ್ರ ಹುಡುಕಾಟ ಅಥವಾ ಟಿನ್‌ಐ ಮೂಲಕ ಅದೇ ಚಿತ್ರ ಬೇರೆಡೆ ಬೇರೆ ಹೆಸರಿನಲ್ಲಿ ಇದೆಯೇ ಎಂದು ನೋಡಬಹುದು.

11. ನೋಟೀಸು ಬಂದಲ್ಲಿ

(ಅ) ನೋಟೀಸನ್ನು ನಿರ್ಲಕ್ಷಿಸಬಾರದು. ಗಾಬರಿಯಿಂದ ಹಣ ಪಾವತಿಸಲೂ ಬಾರದು.
(ಆ) ಪ್ರಕಟಿಸಿದ ಪುಟದ ಪ್ರತಿಯನ್ನು ಉಳಿಸಿಕೊಂಡು, ಚಿತ್ರವನ್ನು ತಾತ್ಕಾಲಿಕವಾಗಿ ತೆಗೆಯಬಹುದು. ಮನ್ನಣೆಯ ಲೋಪವಾಗಿದ್ದಲ್ಲಿ ಕೂಡಲೇ ಸರಿಪಡಿಸಬೇಕು.
(ಇ) ನೋಟೀಸು ನೀಡಿದವರು ಕೃತಿಸ್ವಾಮ್ಯದ ಮಾಲೀಕರೇ ಅಥವಾ ಅಧಿಕೃತ ಪ್ರತಿನಿಧಿಯೇ ಎಂಬುದಕ್ಕೆ ದಾಖಲೆ ಕೋರಬಹುದು.
(ಈ) ಕೃತಿಸ್ವಾಮ್ಯವಿತ್ತೆಂದು ತಿಳಿದಿರಲಿಲ್ಲ ಹಾಗೂ ಹಾಗೆ ನಂಬಲು ಸಕಾರಣವೂ ಇರಲಿಲ್ಲವೆಂದು ಸಾಬೀತುಪಡಿಸಿದಲ್ಲಿ, ಕಲಂ 55ರಂತೆ ಮಾಲೀಕರಿಗೆ ದೊರೆಯುವ ಪರಿಹಾರವು ತಡೆಯಾಜ್ಞೆ ಮತ್ತು ಬಳಕೆಯಿಂದ ಬಂದ ಲಾಭದ ಮಟ್ಟಿಗೆ ಸೀಮಿತವಾಗುತ್ತದೆ. ಕಾನೂನು ಗೊತ್ತಿರಲಿಲ್ಲ ಎಂಬುದು ಇದಕ್ಕೆ ಸಮನಲ್ಲ.
(ಉ) ಆಧಾರವಿಲ್ಲದೆ ಕಾನೂನು ಕ್ರಮದ ಬೆದರಿಕೆ ಹಾಕಿದವರ ವಿರುದ್ಧ ಕಲಂ 60ರಡಿ ಘೋಷಣಾ ದಾವೆ ಹೂಡಲು ಅವಕಾಶವಿದೆ.
(ಊ) ವಕೀಲರ ಸಲಹೆ ಪಡೆಯುವುದು ಸೂಕ್ತ. ಅರ್ಹರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು.

12. ತಮ್ಮ ಚಿತ್ರವನ್ನು ಇತರರು ಬಳಸಿದಲ್ಲಿ

ಮಾಲೀಕರು ಮೊದಲು ಬಳಸಿದವರಿಗೆ ಲಿಖಿತವಾಗಿ ತಿಳಿಸಬಹುದು. ಕೊಂಡಿ ಅಥವಾ ಪ್ರವೇಶ ಒದಗಿಸುವ ಸಲುವಾಗಿ ಚಿತ್ರವನ್ನು ಪ್ರಾಸಂಗಿಕವಾಗಿ ಸಂಗ್ರಹಿಸುವ ಸೇವಾದಾರರಿಗೆ ಕೃತಿಸ್ವಾಮ್ಯ ನಿಯಮಗಳು, 2013ರ ನಿಯಮ 75ರಂತೆ ಲಿಖಿತ ದೂರು ನೀಡಬಹುದು. ದೂರು ಸಮರ್ಪಕವೆಂದು ಕಂಡಲ್ಲಿ ಸೇವಾದಾರರು 36 ಗಂಟೆಗಳೊಳಗೆ ಪ್ರವೇಶವನ್ನು 21 ದಿನಗಳ ಕಾಲ ತಡೆಹಿಡಿಯಬೇಕು. ಆ ಅವಧಿಯೊಳಗೆ ನ್ಯಾಯಾಲಯದ ಆದೇಶ ಸಲ್ಲಿಸದಿದ್ದಲ್ಲಿ ಅವರು ಪ್ರವೇಶವನ್ನು ಪುನಃ ಒದಗಿಸಬಹುದು.

ಸಿವಿಲ್ ದಾವೆಯನ್ನು ಮಾಲೀಕರು ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದ ಜಿಲ್ಲಾ ನ್ಯಾಯಾಲಯದಲ್ಲಿಯೂ ಹೂಡಬಹುದು (ಕಲಂ 62). ತಿಳಿದೂ ಉಲ್ಲಂಘಿಸಿದವರಿಗೆ ಕಲಂ 63ರಂತೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಅಲ್ಲದಿದ್ದಲ್ಲಿ ನ್ಯಾಯಾಲಯವು ವಿಶೇಷ ಕಾರಣ ನಮೂದಿಸಿ ಶಿಕ್ಷೆಯನ್ನು ಇಳಿಸಬಹುದು. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪು ನೀಡಿದೆ. ಚಿತ್ರದಲ್ಲಿ ಅಡಕವಾದ ಕರ್ತೃವಿನ ಹೆಸರು ಮುಂತಾದ ಹಕ್ಕಿನ ಮಾಹಿತಿಯನ್ನು ಅಧಿಕಾರವಿಲ್ಲದೆ ಉದ್ದೇಶಪೂರ್ವಕವಾಗಿ ಅಳಿಸುವುದು ಕಲಂ 65ಬಿ ಅಡಿ ಪ್ರತ್ಯೇಕ ಅಪರಾಧ.

13. ನೋಂದಣಿ

ನೋಂದಣಿ ಐಚ್ಛಿಕವಾದರೂ, ನೋಂದಣಿ ಪುಸ್ತಕದ ನಮೂದು ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಅರ್ಜಿಯನ್ನು ನಮೂನೆ 14ರಲ್ಲಿ ನವದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಆನ್‌ಲೈನ್ ಮೂಲಕ ಸಲ್ಲಿಸಬಹುದು. 2013ರ ನಿಯಮಗಳಂತೆ ಕಲಾಕೃತಿಗೆ ಶುಲ್ಕ ರೂ. 500, ಸರಕುಗಳಿಗೆ ಸಂಬಂಧಿಸಿ ಬಳಸುವ ಕಲಾಕೃತಿಗೆ ರೂ. 2,000. ಆಕ್ಷೇಪಣೆಗಳಿಗಾಗಿ 30 ದಿನಗಳ ಕಾಲಾವಕಾಶವಿರುತ್ತದೆ. ಮೂಲ ಕಡತವನ್ನು ದಿನಾಂಕ ಹಾಗೂ ಕ್ಯಾಮೆರಾ ವಿವರಗಳ ಸಮೇತ ಜೋಪಾನವಾಗಿಡುವುದು ನೋಂದಣಿ ಮಾಡಿಸದವರಿಗೂ ಉಪಯುಕ್ತ.

14. ಪ್ರಕಟಣೆಗೆ ಮುನ್ನ ಪರಿಶೀಲನಾ ಪಟ್ಟಿ

(1) ಚಿತ್ರ ತೆಗೆದವರ ಹೆಸರು ಮತ್ತು ಮೂಲ ಪುಟ ತಿಳಿದಿದೆಯೇ?
(2) ಪರವಾನಗಿ ಅಥವಾ ಲಿಖಿತ ಅನುಮತಿ ಇದೆಯೇ?
(3) ಉದ್ದೇಶಿತ ಬಳಕೆ ವಾಣಿಜ್ಯವೇ? ಪರವಾನಗಿ ಅದಕ್ಕೆ ಒಪ್ಪುತ್ತದೆಯೇ?
(4) ಚಿತ್ರವನ್ನು ಮಾರ್ಪಡಿಸಲಾಗಿದೆಯೇ? ಅದನ್ನು ತಿಳಿಸಲಾಗಿದೆಯೇ?
(5) ಮನ್ನಣೆ ಪೂರ್ಣವಾಗಿದೆಯೇ?
(6) ಚಿತ್ರದಲ್ಲಿರುವ ವ್ಯಕ್ತಿಗಳ ಒಪ್ಪಿಗೆ ಅಗತ್ಯವಿದೆಯೇ?
(7) ದಾಖಲೆಯ ಪ್ರತಿ ಕಡತದಲ್ಲಿದೆಯೇ?

ಯಾವುದೇ ಪ್ರಶ್ನೆಗೆ ತೃಪ್ತಿಕರ ಉತ್ತರ ದೊರೆಯದಿದ್ದಲ್ಲಿ ಆ ಚಿತ್ರವನ್ನು ಕೈಬಿಟ್ಟು ಬೇರೆ ಚಿತ್ರ ಆಯ್ದುಕೊಳ್ಳುವುದು, ಅಥವಾ ಚಿತ್ರವನ್ನು ನಕಲು ಮಾಡದೆ ಮೂಲ ಪುಟದ ಕೊಂಡಿಯನ್ನು ಮಾತ್ರ ನೀಡುವುದು ಸೂಕ್ತ.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ, ನಿಯಮಗಳು ಮತ್ತು ಆಯಾ ಪರವಾನಗಿಯ ಮೂಲ ಪಠ್ಯವೇ ಅಂತಿಮ. ಶುಲ್ಕ ಹಾಗೂ ನಮೂನೆಗಳನ್ನು ಅರ್ಜಿ ಸಲ್ಲಿಸುವ ಮುನ್ನ ಕೃತಿಸ್ವಾಮ್ಯ ಕಚೇರಿಯ ಅಧಿಕೃತ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.